ಅಂಗಿಗೆ ಬೇರೆ ಸೂರ್ಯ

೧

ಎಲ್ಲಿಂದ ಶುರು ಮಾಡಲಿ? ವಿಮಾನದಿಂದ ಶುರು ಮಾಡಿದರೆ ನೀವು ನಂಬುವುದಿಲ್ಲ. ಅಂಗಿಯಿಂದ ಶುರು ಮಾಡಿದರೆ ಓದುವುದಿಲ್ಲ. ಸಾವಿನಿಂದ ಶುರು ಮಾಡಬಹುದು, ಸಾವಿಗೆ ಕನ್ನಡದಲ್ಲಿ ಯಾವತ್ತೂ ಗಿರಾಕಿಗಳಿದ್ದಾರೆ. ಆದರೆ ಆ ಸಾವು ಹೇಗಾಯಿತು ಅನ್ನುವುದೇ ಇಲ್ಲಿ ತಕರಾರು.

(ನಾನು ಯಾರು ಅಂದಿರಾ? ಸೇಲಂನಲ್ಲಿ ಕೂತು ಕನ್ನಡದಲ್ಲಿ ಕಥೆ ಬರೆಯುವ ಬ್ಯಾಂಕ್ ಗುಮಾಸ್ತ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕೌಂಟರಿನಲ್ಲಿ ಇಂಗ್ಲಿಷು. ಮಗಳು ವಾಣಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಂದರೆ ನನ್ನ ಮನೆಯಲ್ಲೇ ನನ್ನನ್ನು ಓದುವವರಿಲ್ಲ. ನೀವು ಓದುತ್ತಿದ್ದೀರಿ ಅನ್ನುವುದಕ್ಕೂ ನನ್ನ ಹತ್ತಿರ ಪುರಾವೆ ಇಲ್ಲ.)

೨

ಮೊದಲ ಡ್ರಾಫ್ಟು ಹೀಗಿತ್ತು: 'ತೊಂಬತ್ತೆಂಟರ ಜನವರಿಯ ಆ ಸಂಜೆ, ಹೊಂಬಿಸಿಲು ಪಾಲಕೋಡಿನ ಬಯಲನ್ನು ಮೆಲ್ಲಗೆ ಸವರುತ್ತಿರಲು...' ಥೂ. ಹರಿದು ಹಾಕಿದೆ. ಒಬ್ಬ ಮನುಷ್ಯ ಸಾಯಲಿದ್ದಾನೆ, ನಾನು ಬಿಸಿಲಿಗೆ ಎಣ್ಣೆ ಹಚ್ಚುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ. ಪಾಲಕೋಡಿನ ಆಚೆ, ಟೊಮೇಟೊ ಲಾರಿಗಳು ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಕನ್ನಡ ಮಾತಾಡುವ ಒಕ್ಕಲು ಮನೆಗಳು. ಅಲ್ಲಿ ಪುಟ್ಟಪ್ಪ, ಅವನ ಹೆಂಡತಿ ಸಿದ್ದಲಕ್ಷ್ಮಮ್ಮ, ಮಗಳು ಶಶಿಕಲಾ. ಶಶಿಕಲಾಗೆ ಗಂಡು ಹುಡುಕುತ್ತಿದ್ದರು. ಗಂಡಿನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕು. ಪಾಲಕೋಡಿನಲ್ಲಿ ಸ್ಟುಡಿಯೋ ಇಟ್ಟಿದ್ದ ಗೋವಿಂದರಾಜು ಕ್ಯಾಮೆರಾ ತಗಲಿಹಾಕಿಕೊಂಡು ಮೊಪೆಡ್‌ನಲ್ಲಿ ಬಂದ. ಮನೆಯೊಳಗೆ ಕತ್ತಲು ಅಂತ ಹುಡುಗಿಯನ್ನು ಕಣದಲ್ಲಿ ನಿಲ್ಲಿಸಿದ. ಹಿಂದುಗಡೆ ರಾಗಿ ಹುಲ್ಲಿನ ಮೆದೆ. ಮೆದೆಯ ಮೇಲೆ ಪುಟ್ಟಪ್ಪ, ಬರೀ ಮೈ, ಸೊಂಟಕ್ಕೊಂದು ಲಂಗೋಟಿ, ಹುಲ್ಲು ತುಳಿಯುತ್ತಿದ್ದ. ಫೋಟೋದಲ್ಲಿ ತಾನು ಬೀಳುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ವಿಮಾನ ಬಂತು.

ಎಲ್ಲಿಂದ ಬಂತೋ, ಯಾರದೋ, ದಾರಿ ತಪ್ಪಿತ್ತೋ, ಇಂಜಿನ್ ಕೆಟ್ಟಿತ್ತೋ, ಇವತ್ತಿಗೂ ಗೊತ್ತಿಲ್ಲ. ದೊಡ್ಡದು, ಚಕ್ರ ಇಳಿಬಿಟ್ಟುಕೊಂಡು, ಹುಣಸೆಮರಕ್ಕೆ ಇನ್ನೇನು ತಾಗಿತು ಅನ್ನುವಷ್ಟು ಕೆಳಗೆ. ಶಬ್ದಕ್ಕೆ ದನ ಹಗ್ಗ ಕಿತ್ತುಕೊಂಡವು. ಶಶಿಕಲಾ ತಿರುಗಿದಳು, ಪುಟ್ಟಪ್ಪ ಬಾಯಿ ಬಿಟ್ಟುಕೊಂಡು ಮೇಲೆ ನೋಡಿದ, ಗೋವಿಂದರಾಜುವಿನ ಬೆರಳು ಗಾಬರಿಗೆ ಬಟನ್ ಒತ್ತಿತು. ಮರುಕ್ಷಣ ಪುಟ್ಟಪ್ಪ ಜಾರಿ ಕೆಳಗಿದ್ದ ಒಕ್ಕಣೆಯ ರೋಣಗಲ್ಲಿನ ಮೇಲೆ ಬಿದ್ದ. ಕತ್ತು ಮುರಿಯಿತು. ನೀರು ಬಾಯಿಗೆ ಬಿಡುವಷ್ಟರಲ್ಲಿ ಹೋಗಿಬಿಟ್ಟಿದ್ದ.

೩

ಠಾಣೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಕಥೆ ಬಿಟ್ಟು ನನ್ನನ್ನು ಹಿಡಿಯುತ್ತಾರೆ.

ಸಾವಿನ ಪೇಪರು ಬರೆಯಲು ಬಂದ ಪೋಲೀಸಿನವನು ಕೇಳಿದ, ಹೇಗೆ ಬಿದ್ದ ಅಂತ. ಶಶಿಕಲಾ ಶಾಲೆಯ ತಮಿಳಿನಲ್ಲಿ, ಏರೋಪ್ಲೇನ್ ಬಂತು, ಅಪ್ಪ ಬೆದರಿ ಬಿದ್ದರು ಅಂದಳು.

"ಪಾಲಕ್ಕೋಡ್‌ಲ ಏರೋಪ್ಲೇನಾ? ಎನ್ನಮ್ಮಾ, ವಿಳೆಯಾಡುರಿಯಾ?" ಅಂದ ಅವನು. ಆಟ ಆಡ್ತೀಯಾ ಅಂತ. ಈ ಕಡೆ ವಿಮಾನ ನಿಲ್ದಾಣ ಇಲ್ಲ, ವಿಮಾನ ಇಳಿಯುವ ಜಾಗ ಇಲ್ಲ. ವಿಮಾನ ಕಂಡಿತು ಅಂದರೆ ಕಂಡವನು ಕುಡಿದಿರಬೇಕು. ಹಾಗಂತ ಬರೆದುಕೊಂಡ: ಕುಡಿದ ಅಮಲಿನಲ್ಲಿ ಮೆದೆಯಿಂದ ಬಿದ್ದು ಸಾವು. ಪುಟ್ಟಪ್ಪ ಮದುವೆಮನೆಗಳಲ್ಲಿ ಯಾರಾದರೂ ಬಲವಂತಕ್ಕೆ ಒಂದು ಗುಟುಕು ಕುಡಿಸಿದರೂ ವಾಂತಿ ಮಾಡಿಕೊಳ್ಳುತ್ತಿದ್ದವನು. ಆಮೇಲೆ ಊರಿಗೆ ಊರೇ ಇದನ್ನು ಹೇಳಿತು. ವಿಮಾನ ಕಂಡಿದ್ದನ್ನೂ ಹೇಳಿತು. "ಎಲ್ಲಾರೂ ಒಂದೇ ಮಾತು ಹೇಳ್ತಾ ಇದ್ದಾರೆ ಅಂದ್ರೆ ಯಾರೋ ಹೇಳಿಕೊಟ್ಟಿದ್ದಾರೆ" ಅಂದರಂತೆ ಮೇಲಿನವರು. ಬೇರೆಬೇರೆ ಮಾತು ಹೇಳಿದ್ದರೆ ಏನನ್ನುತ್ತಿದ್ದರೋ!

ಈಗ ಓದುಗರೇ, ಪಣಕ್ಕಿರುವುದು ಏನು ಅಂತ ಗೊತ್ತಾಯಿತಲ್ಲ. ಸಿದ್ದಲಕ್ಷ್ಮಮ್ಮನಿಗೆ ಪರಿಹಾರ ಬೇಡ, ವಿಮಾನದವರ ಕ್ಷಮೆ ಬೇಡ. ಗಂಡನ ಹೆಸರಿನ ಮುಂದೆ ಆ 'ಕುಡಿದು' ಅನ್ನುವುದನ್ನು ಹೊಡೆದು ಹಾಕಬೇಕು. ಅಷ್ಟೇ. ಅದು ಅಷ್ಟೇ ಆದದ್ದರಿಂದಲೇ ಯಾರಿಗೂ ಅದಕ್ಕೆ ಪುರುಸೊತ್ತಿರಲಿಲ್ಲ.

೪

ಆದರೆ ಫೋಟೋ ಇದೆಯಲ್ಲ, ಅಂದಿರಿ. ಇದೆ. ಅದೇ ಕಷ್ಟ.

ಆ ಪೇಪರಿನಲ್ಲಿ ಏನು ಬರೆದಿದ್ದಾರೆಂದು ಮನೆಯವರಿಗೆ ತಿಳಿಯುವ ಮುಂಚೆಯೇ ಹನ್ನೊಂದನೇ ದಿನದ ತಿಥಿ ಬಂತು. ಮಾಲೆ ಹಾಕಲು ಪುಟ್ಟಪ್ಪನ ಒಂದು ಫೋಟೋ ಬೇಕು. ಬದುಕಿರುವಾಗ ಅವನು ಒಂದನ್ನೂ ತೆಗೆಸಿಕೊಂಡವನಲ್ಲ. ಈ ಒಂದೇ ಇರುವುದು. ಗೋವಿಂದರಾಜು ತೊಳೆದು ತಂದ ಪ್ರಿಂಟ್ ನೋಡಿ ಸಿದ್ದಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡಳು.

"ಗೋವಿಂದ್ರಾಜಣ್ಣ, ಇಂಗೇ ಗೋಡೆಗೆ ಆಕಕ್ಕಾಯ್ತದಾ? ನಾಕ್ ಜನ ಬತ್ತಾರೆ. ನಮ್ಮನೆಯೋರಿಗೆ ಒಂದ್ ಅಂಗಿ ಆಕ್ಬುಡಪ್ಪ."

ಇದರಲ್ಲಿ ಮೋಸ ಎಲ್ಲಿದೆ ಹೇಳಿ? ಸತ್ತವರಿಗೆ ಅಂಗಿ ತೊಡಿಸುವುದು ಗೋವಿಂದರಾಜುವಿನ ದಿನನಿತ್ಯದ ಕಸುಬು. ಮುಚ್ಚಿದ ಕಣ್ಣು ತೆರೆಸುತ್ತಾನೆ, ಬೋಳು ಹಣೆಗೆ ವಿಭೂತಿ ಇಡುತ್ತಾನೆ, ಬೇರೆಬೇರೆ ಕಾಲಕ್ಕೆ ಸತ್ತ ಗಂಡಹೆಂಡಿರನ್ನು ಒಂದೇ ಬೆಂಚಿನ ಮೇಲೆ ಕೂರಿಸುತ್ತಾನೆ. ಮೊದಲು ಕುಂಚದಲ್ಲಿ ಮಾಡುತ್ತಿದ್ದ, ಈಗ ಸೇಲಂಗೆ ಬಂದು ಡಿ.ಟಿ.ಪಿ. ಸೆಂಟರಿನ ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಆ ಭಾಗದ ಅರ್ಧ ಗೋಡೆಗಳ ಮೇಲೆ ಅವನ ಅಂಗಿ ತೊಟ್ಟ ಹೆಣಗಳಿವೆ. ಯಾರೋ ಮದುಮಗನ ಸ್ಟುಡಿಯೋ ಫೋಟೋದಿಂದ ಒಂದು ಬಿಳಿ ಅಂಗಿ ಕಿತ್ತು ಪುಟ್ಟಪ್ಪನಿಗೆ ತೊಡಿಸಿದ. ಕೆಳಗೆ ಬಿಳಿ ಪಂಚೆ. ಪುಟ್ಟಪ್ಪ ಹುಲ್ಲು ಮೆದೆಯ ಮೇಲೆ ಮದುವೆಗೆ ಹೊರಟವನಂತೆ ನಿಂತ.

(ನೆಗೆಟಿವ್ ಎಲ್ಲಿ, ಮೊದಲ ಪ್ರಿಂಟ್ ಎಲ್ಲಿ, ಕಂಪ್ಯೂಟರಿನಲ್ಲಿ ಇರಬೇಕಲ್ಲ ಎಂದು ಕೇಳುತ್ತಿದ್ದೀರಿ. ಜಾಣರು ನೀವು. ಮೊದಲ ಪ್ರಿಂಟಿನ ಮೇಲೆ ಗೋವಿಂದರಾಜು ಅಂಗಿಯ ಅಳತೆ ಗೀಚಿ, ಕೆಲಸವಾದ ಮೇಲೆ ಬಿಸಾಡಿದ. ಫ್ಲಾಪಿಯಲ್ಲಿ ಜಾಗ ಸಾಲದೆ ಹಳೆಯದರ ಮೇಲೇ ಹೊಸದನ್ನು ಸೇವ್ ಮಾಡಿದ. ನೆಗೆಟಿವನ್ನು ಸಿದ್ದಲಕ್ಷ್ಮಮ್ಮನ ಕೈಗೆ ಕೊಟ್ಟ. ಅವಳು ಕಿಟಕಿಗೆ ಹಿಡಿದು ನೋಡಿದಳು: ಗಂಡನ ಮುಖ ಕರ್ರಗೆ, ಕೂದಲು ಬೆಳ್ಳಗೆ, ಕಣ್ಣ ಜಾಗದಲ್ಲಿ ಬೆಳಕು. "ಅಯ್ಯೋ ಸಿವನೇ, ದೆವ್ವ ಆಗ್ಬುಟ್ಟವ್ರೆ" ಅಂದು, ಇಂಥದ್ದು ಮನೆಯಲ್ಲಿರಬಾರದು ಎಂದು ಬೂದಿಯ ಗಂಟಿನಲ್ಲೇ ಕಟ್ಟಿ ಹೊಗೇನಕಲ್ಲಿನಲ್ಲಿ ಕಾವೇರಿಗೆ ಬಿಟ್ಟಳು. ಮೂರೂ ಹೋದವು. ಕಥೆಗಾರನಿಗೆ ಅನುಕೂಲ ಆಗಲಿ ಅಂತ ಹೋಗಲಿಲ್ಲ, ಸುಮ್ಮನೆ ಹೋದವು.)

ತಿಥಿ ಮುಗಿದ ಮೇಲೆ ಪೇಪರು ಕೈಗೆ ಬಂತು. ಶಶಿಕಲಾ ಓದಿ ಹೇಳಿದಳು. ಸಿದ್ದಲಕ್ಷ್ಮಮ್ಮ ಗೋಡೆಯಿಂದ ಫೋಟೋ ಇಳಿಸಿ, ಮಾಲೆ ತೆಗೆದು, ಸೆರಗಿನಲ್ಲಿ ಸುತ್ತಿಕೊಂಡು ಧರ್ಮಪುರಿಯ ಬಸ್ಸು ಹತ್ತಿದಳು.

೫

ಇಲ್ಲಿ ಮಧ್ವರಾಜರು ಬರುತ್ತಾರೆ. ನನ್ನ ಎದುರುಮನೆಯವರು, ವಾಯುಪಡೆಯ ಫೋಟೋ ವಿಭಾಗದಲ್ಲಿದ್ದು ರಿಟೈರ್ ಆದವರು. ಆಕಾಶದಿಂದ ತೆಗೆದ ಚಿತ್ರ ನೋಡಿ ಇದು ಸೇತುವೆ, ಇದು ಸೇತುವೆಯ ನೆರಳು ಎಂದು ಹೇಳುವುದು ಅವರ ನೌಕರಿಯಾಗಿತ್ತು. ಈಗ ವಿಚಿತ್ರ ವಿಮಾನಗಳ ಫೋಟೋ ಕೂಡಿಹಾಕಿ ಅಸಲಿಯೋ ನಕಲಿಯೋ ತೀರ್ಮಾನಿಸುವುದು ಹುಚ್ಚು. ಬಾಲದ ಮೇಲೆ ನಿಂತ ವಿಮಾನ, ಬಾಳೆಕಾಯಿಯ ಹಾಗೆ ಬಾಗಿದ ಪ್ರೊಪೆಲರ್, ಮೋಡಕ್ಕೆ ತೂತು ಕೊರೆದ ಜೆಟ್. "ನೋಡಯ್ಯಾ, ಕಂಡ ತಕ್ಷಣ ಸುಳ್ಳು ಅನ್ನಿಸೋದು ಬಹಳ ಸಲ ನಿಜ ಇರ್ತದೆ. ಸುಳ್ಳು ಮಾಡೋನು ನಂಬೋ ಹಾಗೆ ಮಾಡ್ತಾನೆ, ಅವನಿಗೆ ಆ ಕಷ್ಟ ಇದೆ. ನಿಜಕ್ಕೆ ಏನು ಕಷ್ಟ?" ಎನ್ನುತ್ತಿದ್ದರು.

ಧರ್ಮಪುರಿಯ ಅಧಿಕಾರಿಯೊಬ್ಬರು, ಪಾಪ ಒಳ್ಳೆಯವರೇ, ಫೋಟೋವನ್ನು ಇವರ ಅಭಿಪ್ರಾಯಕ್ಕೆ ಕಳಿಸಿದರು. ಮಧ್ವರಾಜರು ನನ್ನನ್ನು ಕೂಗಿದರು. ಭೂತಗನ್ನಡಿ ಹಿಡಿದು ವಿಮಾನವನ್ನೇ ಬಹಳ ಹೊತ್ತು ನೋಡಿದರು. "ಏನು ಚೆನ್ನಾಗಿದೆಯಯ್ಯಾ ಇದು! ಅಂಚು ನೋಡು, ಅಲುಗಾಟ ನೋಡು. ಆ ಮನುಷ್ಯನ ಕಣ್ಣು ಸರಿಯಾಗಿ ವಿಮಾನದ ಮೂಗಿಗೇ ನೆಟ್ಟಿದೆ." ಅವರಿಗೆ ಖುಷಿಯಾಗಿತ್ತು. ಹೇಳುತ್ತೇನೆ ಕೇಳಿ, ಅವರು ನಂಬಿದ್ದರು.

ಆಮೇಲೆ ಭೂತಗನ್ನಡಿ ಕೆಳಗಿಳಿಯಿತು. ಅಂಗಿಯ ಮೇಲೆ ನಿಂತಿತು.

"ಸೂರ್ಯ ಎಡಗಡೆ ಇದಾನೆ. ಮರಕ್ಕೆ, ಹುಡುಗಿಗೆ, ಮೆದೆಗೆ, ವಿಮಾನಕ್ಕೆ ಎಲ್ಲಾ ಎಡದ ಬಿಸಿಲು. ಈ ಅಂಗಿಗೆ ಮಾತ್ರ ಬಲದಿಂದ ಬೆಳಕು. ಅಂಗಿಗೆ ಬೇರೆ ಸೂರ್ಯ ಇದಾನೇನಯ್ಯಾ?"

೬

ಅವರು ಕರೆಸಿದರು. ಅನ್ಯಾಯ ಹೇಳಬಾರದು, ರಿಪೋರ್ಟ್ ಬರೆಯುವ ಮುಂಚೆಯೇ ಕರೆಸಿದರು. ಸಿದ್ದಲಕ್ಷ್ಮಮ್ಮನೂ ಗೋವಿಂದರಾಜುವೂ ಬಂದರು. ಮಧ್ವರಾಜರ ಹೆಂಡತಿ ಗೋದಾಬಾಯಿ ಕಾಫಿ ಕೊಟ್ಟರು. ಸಿದ್ದಲಕ್ಷ್ಮಮ್ಮ ಕುರ್ಚಿಯ ಮೇಲೆ ಕೂರಲಿಲ್ಲ, ಬಾಗಿಲ ಪಕ್ಕ ನೆಲದ ಮೇಲೆ ಕೂತಳು.

"ಈ ಅಂಗಿ ಯಾರು ಹಾಕಿದ್ದು?"

"ನಾನೇ ಸಾರ್. ಅಮ್ಮ ಕೇಳ್ತು, ಆಕ್ದೆ" ಎಂದ ಗೋವಿಂದರಾಜು. ಹೆಮ್ಮೆಯಿಂದಲೇ ಹೇಳಿದ, ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದ.

"ನೆಗೆಟಿವ್?"

"ಹೊಳೇಲಿ ಬುಟ್ಟೆ ಸಾಮಿ" ಎಂದಳು ಸಿದ್ದಲಕ್ಷ್ಮಮ್ಮ.

ಮಧ್ವರಾಜರು ಕಣ್ಣು ಮುಚ್ಚಿಕೊಂಡರು. "ಒಂದು ಕಡೆ ಕೈಯಾಡಿಸಿದ ಫೋಟೋಗೆ ಇನ್ನೊಂದು ಕಡೆ ಕೈಯಾಡಿಸಿಲ್ಲ ಅಂತ ನಾನು ಹೇಗಮ್ಮಾ ಬರೆದುಕೊಡಲಿ? ಅಂಗಿ ಇಟ್ಟ ಕೈಗೆ ವಿಮಾನ ಇಡೋದು ದೊಡ್ಡ ಕೆಲಸ ಅಲ್ಲ."

"ಅಂಗಿ ಸುಳ್ಳಾದ್ರೆ ಇಮಾನ ಎಂಗೆ ಸುಳ್ಳಾಯ್ತದೆ ಸಾಮಿ? ಅಂಗಿ ನಾನ್ ಆಕ್ಸ್ದೆ. ಇಮಾನ ನಾನ್ ಆಕ್ಸ್ನಿಲ್ಲ."

ಮಧ್ವರಾಜರು ಫೋಟೋವನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

"ಅವ್ರು ಕುಡ್ದಿರ್ನಿಲ್ಲ. ಅದೊಂದು ಬರ್ಕೊಡಿ ಸಾಮಿ. ನೀವು ಬರುದ್ರೆ ಕೇಳ್ತಾರಂತೆ."

"ಅದು ಫೋಟೋದಲ್ಲಿ ಕಾಣೋದಿಲ್ಲಮ್ಮಾ" ಎಂದರು ಮಧ್ವರಾಜರು. ಅವರ ದನಿ ಸಣ್ಣಗಾಗಿತ್ತು. ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಮತ್ತು ಆ ಸಿಟ್ಟಿಗೆ ಅವರ ಒಂದು ತಪ್ಪೂ ಸಿಕ್ಕುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರು: ಈ ಛಾಯಾಚಿತ್ರವನ್ನು ಮಾರ್ಪಡಿಸಲಾಗಿದೆ, ಅಂಗಿಯ ಮೇಲಿನ ಬೆಳಕಿನ ದಿಕ್ಕು ಇಂತಿಂಥದು, ವಿಮಾನದ ಬಗ್ಗೆ ಖಚಿತವಾಗಿ ಹೇಳಲಾಗದು. ಆಫೀಸಿನವರು ಮೊದಲ ಸಾಲು ಓದಿದರು. ಫೈಲು ಮುಚ್ಚಿತು. 'ಕುಡಿದು' ಉಳಿಯಿತು.

೭ (ಇದನ್ನು ಬಿಟ್ಟು ಎಂಟಕ್ಕೆ ಹೋಗಬಹುದು. ನಾನೇ ಬಿಡೋಣ ಎಂದಿದ್ದೆ.)

ಇಲ್ಲಿಯವರೆಗಿನದನ್ನು ಬೆಂಗಳೂರಿನ ಸಂಪಾದಕರೊಬ್ಬರಿಗೆ ಕಳಿಸಿದೆ. ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿ ಕೇಳಿದೆ.

"ಚೆನ್ನಾಗಿದೆ ಸಾರ್. ಆದ್ರೆ ಪಾಲಕೋಡಿನಲ್ಲಿ ರೈತರು ಕನ್ನಡ ಮಾತಾಡ್ತಾರೆ ಅನ್ನೋದು ಸ್ವಲ್ಪ ನಂಬೋಕೆ ಕಷ್ಟ. ಅದು ತಮಿಳುನಾಡಲ್ವಾ?"

"ಮಾತಾಡ್ತಾರೆ. ತಾತನ ಕಾಲದಿಂದ ಮಾತಾಡ್ತಾರೆ."

"ಇರಬಹುದು. ಓದುಗರಿಗೆ ಅನ್ನಿಸಬೇಕಲ್ಲ. ಇನ್ನೊಂದು, ಕೊನೆಗೆ ಒಂದು ಟ್ವಿಸ್ಟ್ ಕೊಡಿ. ಪುಟ್ಟಪ್ಪ ನಿಜವಾಗ್ಲೂ ಕುಡಿದಿದ್ದ, ಅಂಗಿ ಹಾಕ್ಸಿದ್ದು ಸೊಂಟದಲ್ಲಿದ್ದ ಬಾಟ್ಲಿ ಮುಚ್ಚೋಕೆ ಅಂತ ಮಾಡಿ. ಆಗ ಆಂಬಿಗ್ವಿಟಿ ಬರುತ್ತೆ."

ರಿಸೀವರ್ ಇಟ್ಟೆ. ಮೈ ಉರಿಯುತ್ತಿತ್ತು. ಆದರೆ ನಾನೂ ಕಥೆಗಾರನೇ ನೋಡಿ, ಮನೆಗೆ ಬಂದು ಪುಟ್ಟಪ್ಪನ ಸೊಂಟಕ್ಕೆ ಬಾಟ್ಲಿ ಇಟ್ಟು ಬರೆದೇಬಿಟ್ಟೆ. ಸೊಗಸಾಗಿ ಬಂತು! ಅಂಗಿಗೆ ಒಂದು ಕಾರಣ ಸಿಕ್ಕಿತು, ಎಲ್ಲವೂ ಒಂದಕ್ಕೊಂದು ಕೂತುಕೊಂಡವು. ಆಗ ನನ್ನ ಹಾಳೆಯೊಳಗೆ (ನಿಜದಲ್ಲಿ ಅಲ್ಲ, ಬರೀ ಹಾಳೆಯಲ್ಲಿ) ಸಿದ್ದಲಕ್ಷ್ಮಮ್ಮ ಎದ್ದು ಬಂದಳು.

"ಲೇ, ನನ್ ಗಂಡನ ಸೊಂಟಕ್ಕೆ ಸೀಸೆ ಸಿಗಿಸ್ದೋನು ನೀನೇನಾ?"

"ಕಥೆಗೆ ಬೇಕಿತ್ತಮ್ಮಾ."

"ಪೋಲೀಸ್ನೋನ್ಗೂ ಅವನ್ ಪೇಪರ್‌ಗೆ ಬೇಕಿತ್ತು. ಅವನ್ಗೂ ನಿನ್ಗೂ ಏನ್ಲಾ ವೆತ್ಯಾಸ? ಅವ್ನು ತಮಿಳ್ನಾಗೆ ಬರ್ದ, ನೀನು ಕನ್ನಡ್ದಾಗೆ ಬರೀತೀಯ. ಎರಡೂ ನನ್ಗೆ ಓದಕ್ಕೆ ಬರಾಕಿಲ್ಲ."

"ಹಾಗಾದ್ರೆ ಹೇಗೆ ಮುಗಿಸಲಿ, ನೀವೇ ಹೇಳಿ."

"ನಿಂಗ್ ಮುಗಿಸ್ಬೇಕು ಅಂತ ಯಾರ್ ಏಳಿದ್ರು?"

ಬಾಟ್ಲಿ ತೆಗೆದೆ. ಕಥೆ ಮತ್ತೆ ಮೊದಲಿನಷ್ಟೇ ಕುಂಟಾಯಿತು.

೮

ಬೇಕಾದವರಿಗೆ ಒಂದೆರಡು ಮುಕ್ತಾಯಗಳು.

ಹೊಗೇನಕಲ್ಲಿನಲ್ಲಿ ಪರಿಸಲು, ಅಂದರೆ ಹರಿಗೋಲು, ನಡೆಸುವವನ ಬಲೆಗೆ ಒಂದು ಬೂದಿಗಂಟು ಸಿಕ್ಕುತ್ತದೆ, ಅದರಲ್ಲಿ ನೆಗೆಟಿವ್, ನೀರು ತಾಗಿದ್ದರೂ ವಿಮಾನ ಮಾತ್ರ ಸ್ಪಷ್ಟ. (ಇಂಥದ್ದನ್ನು ನಂಬುವವರು ನೀವಾಗಿದ್ದರೆ ಪುಟ್ಟಪ್ಪನ ವಿಮಾನವನ್ನು ನಂಬಲು ನಿಮಗೇನು ಧಾಡಿ?)

ಅಥವಾ, ಆ ವಿಮಾನದ ಪೈಲಟ್ ಒಂದು ದಿನ ಊರು ಹುಡುಕಿಕೊಂಡು ಬಂದು ಸಿದ್ದಲಕ್ಷ್ಮಮ್ಮನ ಕಾಲಿಗೆ ಬೀಳುತ್ತಾನೆ. ಬರಲಿಲ್ಲ. ಅವನಿಗೆ ಕೆಳಗೊಂದು ಮೆದೆ ಇತ್ತೆಂದೇ ಗೊತ್ತಿಲ್ಲ.

ಅಥವಾ, ಮಧ್ವರಾಜರು ನಿದ್ದೆಗೆಟ್ಟು ಹೊಸ ರಿಪೋರ್ಟ್ ಬರೆಯುತ್ತಾರೆ. ನಿದ್ದೆಯೇನೋ ಕೆಟ್ಟಿತು, ಗೋದಾಬಾಯಿ ನನಗೆ ಹೇಳಿದರು. ರಿಪೋರ್ಟ್ ಬರೆಯಲಿಲ್ಲ.

೯

ನಡೆದದ್ದು ಇದು.

ಫೋಟೋ ವಾಪಸು ಬಂದು ಮತ್ತೆ ಗೋಡೆ ಹತ್ತಿತು. ಆದರೆ ಈಗ ಅದು ಪುಟ್ಟಪ್ಪನ ಫೋಟೋ ಅಲ್ಲ, ಆಫೀಸಿನವರು ಸುಳ್ಳು ಅಂದ ಫೋಟೋ. ಪಕ್ಕದೂರಿನವರೂ ನೋಡಲು ಬಂದರು. ವಿಮಾನ ನಿಜವೋ ಅಂಟಿಸಿದ್ದೋ ಎಂದು ಪಡಸಾಲೆಯಲ್ಲೇ ವಾದ. ಒಬ್ಬ ರೆಕ್ಕೆಯನ್ನು ಉಗುರಿನಿಂದ ಕೆರೆದೂ ನೋಡಿದ. ಎರಡು ಸಂಬಂಧ ಬಂದು ಹಿಂದೆ ಹೋದವು. ಕುಡುಕನ ಮಗಳು ಅಂದರೆ ಹೇಗೋ ಸಹಿಸಿಕೊಳ್ಳುತ್ತಿದ್ದರು, ಗೌರ್ಮೆಂಟಿಗೇ ಪೋರ್ಜರಿ ಫೋಟೋ ಕೊಟ್ಟ ಮನೆ ಅಂದರೆ ಹೆದರಿದರು.

ಸಿದ್ದಲಕ್ಷ್ಮಮ್ಮ ಪಾಲಕೋಡಿಗೆ ಹೋಗಿ ಗೋವಿಂದರಾಜುವಿನ ಮುಂದೆ ಫೋಟೋ ಇಟ್ಟಳು.

"ಇಮಾನ ತೆಗ್ದಾಕ್ಬುಡಪ್ಪ."

"ಯಾಕಕ್ಕ? ನಿಜವಾದ್ದು ಅದೊಂದೇ ಅಲ್ವಾ ಅದ್ರಾಗೆ?"

"ಇರ್ಲಿ. ಬಂದೋರೆಲ್ಲ ಇಮಾನನೇ ನೋಡ್ತಾರೆ. ಅವ್ರ ಮಖ ಯಾರೂ ನೋಡಾಕಿಲ್ಲ."

ಗೋವಿಂದರಾಜು ತೆಗೆದ. ವಿಮಾನವಿದ್ದ ಜಾಗಕ್ಕೆ ಪಕ್ಕದ ಆಕಾಶ ಹಚ್ಚಿದ. ಶಶಿಕಲಾಳನ್ನೂ ಕತ್ತರಿಸಿ ಹೊರಗಿಟ್ಟ, ಮದುವೆಯಾಗಬೇಕಾದ ಹುಡುಗಿ ಸತ್ತವರ ಪಟದಲ್ಲಿ ಇರಬಾರದೆಂದು. ಅಂಗಿಯನ್ನೂ ಸರಿ ಮಾಡಿದ. "ಆ ಸೇಲಂ ಸಾರ್ ಬರ್ದಿದ್ರಲ್ಲ ಬೆಳಕು ತಪ್ಪು ಅಂತ. ಅಂಗೀನ ತಿರುಗ್ಸಿ ಆಕ್ದೆ. ಜೇಬು ಬಲಕ್ಕೆ ಓಗ್ಬುಡ್ತು, ಅದುನ್ನೂ ಕಿತ್ತು ಎಡಕ್ಕೆ ಒಲ್ದೆ" ಎಂದ ನನ್ನ ಹತ್ತಿರ. ಮಧ್ವರಾಜರ ರಿಪೋರ್ಟಿನಿಂದ ಪ್ರಯೋಜನ ಪಡೆದವನು ಅವನೊಬ್ಬನೇ.

ಆಮೇಲೆ ಯಾರೂ ಆ ಫೋಟೋವನ್ನು ಅನುಮಾನಿಸಲಿಲ್ಲ.

೧೦

ಮೂರನೇ ಸಂಬಂಧ ಕಡಯಂಪಟ್ಟಿ ಕಡೆಯದು. ಅವರು ಹುಡುಗಿ ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಕಥೆಗೆ ನಾಲ್ಕು ವಿವರ ಸಿಕ್ಕಲಿ ಎಂದು ಹೋಗಿದ್ದೆ, ಹದ್ದಿನ ಜಾತಿ ನಮ್ಮದು. ನನ್ನನ್ನೂ ಚಾಪೆಯ ಮೇಲೆ ಕೂರಿಸಿದರು. ಹುಡುಗ ಒಳ್ಳೆಯವನು. ಹುಡುಗನ ಸೋದರಮಾವ ಪಳನಿಸ್ವಾಮಿ ಎಂಬವರು ಮಾತುಗಾರರು, ತಮಾಷೆಯ ಮನುಷ್ಯ. ಶಶಿಕಲಾ ಕಾಫಿ ತಂದಳು. ಅವರಿಗೆ ಒಪ್ಪಿಗೆಯಾಯಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಪಳನಿಸ್ವಾಮಿ ಲೋಟ ಕೈಯಲ್ಲಿ ಹಿಡಿದು ಗೋಡೆ ನೋಡಿದರು. ನಾನೂ ನೋಡಿದೆ. ವಿಮಾನ ಹೋದ ಮೇಲೆ ಆ ಫೋಟೋವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯ ಹುಲ್ಲು ಮೆದೆಯ ಮೇಲೆ ಕಾಲು ಅಗಲಿಸಿ, ಕೈ ಎತ್ತಿ, ಬಾಯಿ ಬಿಟ್ಟುಕೊಂಡು, ಏನೂ ಇಲ್ಲದ ಆಕಾಶವನ್ನು ನೋಡುತ್ತಿದ್ದಾನೆ.

"ಬೀಗ್ರು ಜಾಲಿ ಆಳು ಅನ್ಸ್ತದೆ" ಎಂದು ಪಳನಿಸ್ವಾಮಿ ನಕ್ಕರು. "ಅವತ್ತು ಚೆನ್ನಾಗೇ ಏರಿಸ್ಕಂಡವ್ರೆ, ಅಲ್ವಾಕ್ಕ?"

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಸಂಬಂಧ ಕೂಡಿಬಂದಾಗ ಮನೆಯವರಾಗಿ ನಗುವ ನಗೆ.

ಇಲ್ಲ ಎಂದರೆ ಮತ್ತೇನು ನೋಡುತ್ತಿದ್ದರು ಎಂದು ಕೇಳುತ್ತಾರೆ. ಸಿದ್ದಲಕ್ಷ್ಮಮ್ಮ ಮಗಳ ಕಡೆ ನೋಡಿದಳು, ಹುಡುಗನ ಕಡೆ ನೋಡಿದಳು.

"ಊಂ ಕಣಣ್ಣ" ಎಂದಳು. "ಅವತ್ತೊಂದ್ ದಿನ ಒಸಿ ಕುಡ್ದಿದ್ರು."

೧೦

ಇದು ಮುಕ್ತಾಯ ಅಲ್ಲ, ಅದಕ್ಕೇ ಮತ್ತೆ ಹತ್ತು ಎಂದು ಹಾಕಿದ್ದೇನೆ. ಆ ಮಾತನ್ನು ಹೊಡೆದು ಹಾಕಿದೆ. "ಇಲ್ಲಣ್ಣ, ಇಮಾನ ಬಂತು" ಎಂದು ಬರೆದೆ. ಪಳನಿಸ್ವಾಮಿ ಲೋಟ ಕೆಳಗಿಟ್ಟು ಎದ್ದರು, ಮದುವೆ ಮುರಿಯಿತು. ಅದನ್ನೂ ಹೊಡೆದೆ. ಅವಳು ಏನೂ ಹೇಳದೆ ಒಳಗೆ ಹೋದಳೆಂದು ಬರೆದೆ, ಅದು ನನ್ನ ಹೇಡಿತನ ಎಂದು ನನಗೇ ಕಂಡಿತು. ಮೊದಲಿನದನ್ನೇ ಮತ್ತೆ ಬರೆದೆ.

ಈಗ ಎಲ್ಲರೂ ಸುಮ್ಮನಿದ್ದಾರೆ, ನಾನು ಮುಂದಿನ ವಾಕ್ಯ ಬರೆದರೆ ಮಾತಾಡಬಹುದೆಂದು ಕಾಯುತ್ತಿದ್ದಾರೆ. ಶಶಿಕಲಾ ಕಾಫಿಯ ತಟ್ಟೆ ಹಿಡಿದು ಅಮ್ಮನನ್ನೇ ನೋಡುತ್ತ ನಿಂತಿದ್ದಾಳೆ. ಅವಳು ವಿಮಾನವನ್ನು ಕಣ್ಣಾರೆ ಕಂಡವಳು. ಅವಳನ್ನು ಅಲ್ಲಿಂದ ಒಳಗೆ ಕಳಿಸುವ ವಾಕ್ಯ ನನ್ನ ಹತ್ತಿರ ಇಲ್ಲ.